ಉಳಿ ತೋಡಿದ ತೂತು

ಪಾಂಡವಪುರ, ಕೆ.ಆರ್. ಪೇಟೆ ಕಡೆ ಟೈರ್ ಗಾಡಿ, ಟ್ರ್ಯಾಕ್ಟರ್ ಬರುವ ಮೊದಲು ಆಲೆಮನೆಗೆ ಕಬ್ಬು ಹೊತ್ತದ್ದು ಮರದ ಚಕ್ರ. ಈಗ ಅದು ಹೋಟೆಲಿನ ಗೋಡೆಗೆ ಒರಗಿದ ಅಲಂಕಾರ. ನೋಡುವವರು ಬಣ್ಣ ನೋಡುತ್ತಾರೆ, ಕೂಡಿಸಿದ ಬಗೆಯನ್ನಲ್ಲ.

ನಡುವೆ ಗುಂಬ, ಸಾಮಾನ್ಯವಾಗಿ 12 ಅರೆಕಾಲು, ಹೊರಸುತ್ತಿಗೆ 6 ಬಾಗಿದ ತುಂಡು. ಅಂಟಿನ ಹಂಗಿಲ್ಲ. ಅರೆಕಾಲಿನ ತುದಿಯನ್ನು ಚೌಕವಾಗಿ ಕೆತ್ತಿ ಗುಂಬದ ತೂತಿಗೆ ಕೊಡತಿಯಿಂದ ಬಡಿದು ಕೂರಿಸಬೇಕು. ಸಡಿಲವಾದರೆ ಚಕ್ರ ಅಲ್ಲಾಡುತ್ತದೆ, ತೀರಾ ಬಿಗಿಯಾದರೆ ಗುಂಬವೇ ಸೀಳುತ್ತದೆ. ಕೊನೆಗೆ ಕೆಂಪಗೆ ಕಾದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಸುರಿದರೆ, ಅದು ಕುಗ್ಗಿ ಎಲ್ಲವನ್ನೂ ಒಳಕ್ಕೆ ಅದುಮುತ್ತದೆ. ಆಚಾರಿಯ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುವುದು ಆಗಲೇ.

ಇದೆಲ್ಲ ಕೈಯಿಂದಲೇ ಆಗಬೇಕೆ? ದಿಮ್ಮಿ ಸೀಳಲು ಮಿಲ್ಲೇ ಸರಿ, ಅದರಲ್ಲಿ ಮಡಿವಂತಿಕೆ ಬೇಡ. ತೂತಿನ ಮಾತು ಬೇರೆ. ತಿರುಗುವ ಅಲಗು ತೋಡಿದ ತೂತಿನ ಮೂಲೆ ದುಂಡಗೇ ಉಳಿಯುತ್ತದೆ. ಚೌಕ ಮಾಡಲು ಮತ್ತೆ ಉಳಿಯೇ ಬರಬೇಕು. ಅರೆಕಾಲಿನಲ್ಲಂತೂ ಕೈಯೇ ಮೇಲು. ಯಂತ್ರದ ಗರಗಸ ಗೆರೆಯ ಮೇಲೆ ನೇರ ಹೋಗುತ್ತದೆ, ಮರದ ಎಳೆ ಎತ್ತ ಬಾಗಿದರೂ ಅದಕ್ಕೆ ಲಕ್ಷ್ಯವಿಲ್ಲ. ಎಳೆ ಕಡಿದಲ್ಲೇ ಭಾರಕ್ಕೆ ಮುರಿಯುತ್ತದೆ. ಬಾಚಿ ಎಳೆಯ ಜೊತೆಗೇ ಸಾಗುತ್ತದೆ.

ಒಂದೇ ಅಳತೆಯ ನೂರು ಕುರ್ಚಿ ಕಾಲು ಬೇಕೆಂದರೆ ಮಿಲ್ಲಿಗೇ ಕೊಡಿ. ಡೊಂಕು ಜಾಲಿಮರದಿಂದ ಒಂದು ಜೊತೆ ಚಕ್ರ ಆಗಬೇಕಿದ್ದರೆ ನನ್ನ ಮತ ಬಾಚಿಗೆ.