ಏಣಿ ಕಟ್ಟಿದವರು ಯಾರು? : ಜಾಲಹಳ್ಳಿಯ ಕನಸು ಮತ್ತು ‘ಊರುಕೇರಿ’

ಹುಟ್ಟು ಯಾವ ಮನೆಯಲ್ಲೇ ಆಗಿರಲಿ, ದುಡಿಮೆಯಿಂದಲೂ ಪ್ರತಿಭೆಯಿಂದಲೂ ಯಾರು ಬೇಕಾದರೂ ಮೇಲೇರಬಹುದೆಂಬ ನಂಬಿಕೆಯನ್ನು ‘ಅಮೆರಿಕನ್ ಕನಸು’ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದವರು ಇತಿಹಾಸಕಾರ ಜೇಮ್ಸ್ ಟ್ರಸ್ಲೋ ಆಡಮ್ಸ್. ಅವರ ಗ್ರಂಥ ಹೊರಬಂದದ್ದು 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ. ಜಾತಿಯೇ ಮನುಷ್ಯನ ಸ್ಥಾನವನ್ನು ನಿಗದಿಪಡಿಸುತ್ತ ಬಂದಿರುವ ನಮ್ಮ ಸಮಾಜದಲ್ಲಿ ಈ ಕನಸಿನ ಅರ್ಥವೇನು ಎಂಬುದು ಪ್ರಸ್ತುತ ಲೇಖನದ ವಿವೇಚನೆ.

ಬೆಂಗಳೂರಿನ ಉತ್ತರ ಭಾಗದ ಜಾಲಹಳ್ಳಿ ಇದಕ್ಕೊಂದು ನಿದರ್ಶನ. ಇಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ನೆಲೆಗೊಂಡವು, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆ ಬಂದಿತು. ರೈತನ ಮಗನಿಗೆ ಆ ಗೇಟನ್ನು ದಾಟುವುದೆಂದರೆ ತಿಂಗಳ ಸಂಬಳ, ಕಾಲೊನಿಯ ಮನೆ, ಆಸ್ಪತ್ರೆ, ಮಕ್ಕಳಿಗೆ ಶಾಲೆ. ಒಂದೇ ತಲೆಮಾರಿನಲ್ಲಿ ಬದುಕು ಬದಲಾಗುತ್ತಿತ್ತು. ಆದರೆ ಗೇಟು ಎಲ್ಲರಿಗೂ ತೆರೆದಿರಲಿಲ್ಲ. ಸಾರ್ವಜನಿಕ ಉದ್ದಿಮೆಗಳಲ್ಲಿ ಕನ್ನಡಿಗರ ಪಾಲನ್ನು ಕುರಿತು 1980ರ ದಶಕದಲ್ಲಿ ಸರೋಜಿನಿ ಮಹಿಷಿ ಸಮಿತಿಯನ್ನು ನೇಮಿಸಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ಇದೇ ಪ್ರಶ್ನೆಯನ್ನು ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ ಇನ್ನೊಂದು ನೆಲೆಯಿಂದ ಎತ್ತುತ್ತದೆ. ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರನ್ನು ಕಂಡ ಮಾಗಡಿ ಸೀಮೆಯ ಬಾಲಕ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ವಿಧಾನ ಪರಿಷತ್ತಿನ ಸದಸ್ಯನೂ ಆದನು. ಕೇವಲ ಫಲಿತಾಂಶವನ್ನು ನೋಡಿದರೆ ಇದು ಅಮೆರಿಕನ್ ಕನಸಿನ ಕಥೆಯೇ ಸರಿ. ಆದರೆ ಹೀಗೆ ಓದುವುದು ಕೃತಿಗೆ ಬಗೆವ ಅನ್ಯಾಯ. ಈ ಏರಿಕೆಯ ಹಿಂದೆ ಸರ್ಕಾರಿ ಶಾಲೆಯಿದೆ, ವಿದ್ಯಾರ್ಥಿನಿಲಯದ ಅನ್ನವಿದೆ, ದಲಿತ ಚಳವಳಿಯ ಒಡನಾಟವಿದೆ. ಅವರ ಹಾಸ್ಯವನ್ನೂ ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು: ಅದು ಅವಮಾನವನ್ನು ಮರೆಸುವುದಿಲ್ಲ, ಗೆದ್ದವನ ಗತ್ತಿಗೆ ಎಡೆಗೊಡದೆ, ಕಥಕನನ್ನು ಕೇರಿಯವರ ನಡುವೆಯೇ ನಿಲ್ಲಿಸುತ್ತದೆ.

ಒಬ್ಬನ ಗೆಲುವನ್ನು ಎಲ್ಲರಿಗೂ ಅವಕಾಶವಿದೆಯೆಂಬುದಕ್ಕೆ ಪುರಾವೆಯಾಗಿ ಒಡ್ಡುವ ವಾದದ ಅಪಾಯವಿರುವುದು ಇಲ್ಲಿಯೇ. ಆ ವಾದವನ್ನು ಒಪ್ಪಿದರೆ, ಕೇರಿಯಲ್ಲೇ ಉಳಿದವರು ತಮ್ಮ ಸ್ಥಿತಿಗೆ ತಾವೇ ಹೊಣೆಯೆಂದು ಒಪ್ಪಿದಂತಾಗುತ್ತದೆ. ಮೈಸೂರು ಸಂಸ್ಥಾನವು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು ಈ ತರ್ಕಕ್ಕೆ ವಿರುದ್ಧವಾದ ತಿಳಿವಳಿಕೆಯಿಂದ: ಅವಕಾಶ ತಾನಾಗಿ ಹಂಚಿಕೆಯಾಗುವುದಿಲ್ಲ, ಅದನ್ನು ಹಂಚಬೇಕಾಗುತ್ತದೆ.

ಎಚ್.ಎಂ.ಟಿ. ಕೈಗಡಿಯಾರ ಘಟಕವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. 2019ರಿಂದ ಜಾಲಹಳ್ಳಿಯಲ್ಲಿ ಆ ಗಡಿಯಾರಗಳ ವಸ್ತುಸಂಗ್ರಹಾಲಯವಿದೆ. ಗಡಿಯಾರಗಳನ್ನು ಗಾಜಿನ ಹಿಂದೆ ಕಾಪಾಡಬಹುದು. ಅವುಗಳನ್ನು ಜೋಡಿಸಿದ ಕೈಗಳಿಗೆ ದೊರೆತಿದ್ದ ಭದ್ರತೆಯನ್ನು ಹಾಗೆ ಕಾಪಾಡಲಾಗದು. ಅಸಮಾನ ಸಮಾಜದಲ್ಲಿ ಮೇಲೇರುವುದು ಅಸಾಧ್ಯವೇನಲ್ಲ. ಆದರೆ ಏರಿದವನ ಕಾಲಿನ ಬಲವನ್ನು ಹೊಗಳುವ ವಿಮರ್ಶೆಯು ಏಣಿ ಕಟ್ಟಿದವರನ್ನೂ, ಅದನ್ನು ತೆಗೆದವರನ್ನೂ ಗುರುತಿಸಬೇಕು. ‘ಊರುಕೇರಿ’ಯ ಓದು ನಮ್ಮಿಂದ ಅಪೇಕ್ಷಿಸುವುದು ಈ ಎಚ್ಚರವನ್ನೇ.