ಬಳಪ ಹಿಡಿಸುವ ಕೈ

2024ರಲ್ಲಿ ತಿರುವನಂತಪುರದ ಶಾಲೆಯೊಂದಕ್ಕೆ ಸೀರೆಯುಟ್ಟ ಐರಿಸ್ ಎಂಬ ರೋಬೋಟ್ ಬಂತು. ಮೂರು ಭಾಷೆಗಳಲ್ಲಿ ಉತ್ತರಿಸುತ್ತದೆ. ಎಷ್ಟು ಸಲ ಕೇಳಿದರೂ ಅದಕ್ಕೆ ಬೇಸರವಿಲ್ಲ. ಒಳ್ಳೆಯದೇ.

ಆದರೂ ನನ್ನ ಮೆಚ್ಚುಗೆ ಒಂದನೇ ಕ್ಲಾಸಿನ ಟೀಚರ ಕೈಗೇ. ಸ್ಲೇಟಿನ ಮೇಲೆ ಮಗುವೊಂದು ಒತ್ತು ಮರೆತು ‘ಅಮ’ ಎಂದು ಬರೆದಿತ್ತು. ಟೀಚರ್ ಅಳಿಸಲಿಲ್ಲ. ಪಕ್ಕದಲ್ಲಿ ಕೂತು, “ಮನೇಲಿ ಅಮ್ಮನ್ನ ಹೇಗೆ ಕರೀತೀಯ ಪುಟ್ಟಾ? ಒಂದ್ಸಲ ಕೂಗು” ಎಂದರು. ಮಗು ಕೂಗಿತು. ಬಿಟ್ಟುಹೋದ ಒತ್ತು ತನ್ನ ದನಿಯಲ್ಲೇ ಸಿಕ್ಕಿತು! ಆಮೇಲೆ ಆ ಪುಟ್ಟ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು, ಮೆಲ್ಲಗೆ ಬಳಪ ಎಳೆಸಿದರು.

ಯಂತ್ರ ಬರಲಿ, ಹಾಜರಿ ಲೆಕ್ಕಗಳ ಹೊರೆ ಇಳಿಸಲಿ. ಅದರ ನೆಪದಲ್ಲಿ ಒಂದೇ ಒಂದು ಶಿಕ್ಷಕರ ಹುದ್ದೆಯನ್ನೂ ಖಾಲಿ ಬಿಡಬೇಡಿ.