ಪ್ಲೇನಾರ್ ಹೆಡ್‌ಫೋನಿಗೆ ವಾಲ್ವ್: ಕರೆಂಟಿನ ಲೆಕ್ಕ ಮರೆತ ಜೋಡಿ

ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನ್ ಕೊಂಡವರಿಗೆ ಸಿಗುವ ಮೊದಲ ಸಲಹೆಗಳಲ್ಲಿ ‘ಇದಕ್ಕೊಂದು ವಾಲ್ವ್ ಆಂಪ್ಲಿಫೈಯರ್ ಜೋಡಿಸಿ’ ಎನ್ನುವುದೂ ಒಂದು. ಪ್ಲೇನಾರ್‌ನ ದನಿ ಸ್ವಚ್ಛ, ಆದರೆ ಸ್ವಲ್ಪ ಒಣಕಲು. ವಾಲ್ವ್ ಅದಕ್ಕೆ ಮಾರ್ದವ ತುಂಬುತ್ತದೆ ಎಂಬುದು ಇದರ ಹಿಂದಿನ ತರ್ಕ. ಕೇಳಲು ಹಿತವಾದ ತರ್ಕವೇ. ಆದರೆ ಈ ಸಲಹೆ ಹುಟ್ಟಿದ್ದು ಇನ್ನೊಂದು ಜಾತಿಯ ಹೆಡ್‌ಫೋನಿನ ಅನುಭವದಿಂದ. ಸೆನ್‌ಹೈಸರ್ ಎಚ್‌ಡಿ 600, ಎಚ್‌ಡಿ 650ರಂಥ 300 ಓಮ್‌ನ ಡೈನಾಮಿಕ್ ಹೆಡ್‌ಫೋನ್‌ಗಳ ಜೊತೆ ವಾಲ್ವ್ ನಿಜಕ್ಕೂ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಅದು ಹೊಂದುವುದಕ್ಕೆ ಏನು ಕಾರಣವೋ ಆ ಕಾರಣ ಪ್ಲೇನಾರ್‌ನಲ್ಲಿ ಇಲ್ಲ. ಕಾರಣವನ್ನು ಅಲ್ಲೇ ಬಿಟ್ಟು ಫಲವನ್ನಷ್ಟೇ ಇಲ್ಲಿಗೆ ಎತ್ತಿಕೊಂಡು ಬಂದಿದ್ದೇವೆ. ಈ ಜೋಡಿಗಳಲ್ಲಿ ಬಹಳಷ್ಟು ಸೋಲುವುದು ಅದರಿಂದಲೇ ಎಂಬುದು ನನ್ನ ವಾದ. ವಾಲ್ವ್ ಮೇಲೆ ನನಗೇನೂ ಹಗೆಯಿಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕು, ಯಾವ ಕೆಲಸ ಕೊಡಬೇಕು ಎಂಬುದೇ ಇಲ್ಲಿರುವ ಪ್ರಶ್ನೆ.

ಡೈನಾಮಿಕ್ ಹೆಡ್‌ಫೋನಿನಲ್ಲಿ ಪೊರೆಗೆ ಅಂಟಿದ ತಂತಿಸುರುಳಿಯೊಂದು ಅಯಸ್ಕಾಂತದ ಸಂದಿನಲ್ಲಿ ಆಡುತ್ತದೆ. ಆ ಪೊರೆ ತನ್ನ ಸಹಜ ಕಂಪನದ ಆವೃತ್ತಿಯಲ್ಲಿ ಜೋರಾಗಿ ಅಲುಗುವಾಗ ಸುರುಳಿಯ ಇಂಪೀಡೆನ್ಸ್ ಮೇಲೇರುತ್ತದೆ. ಎಚ್‌ಡಿ 650ಯಲ್ಲಿ ನಾಮಮಾತ್ರಕ್ಕೆ 300 ಓಮ್ ಎಂದಿದ್ದರೂ 100 ಹರ್ಟ್ಸ್‌ನ ಆಸುಪಾಸಿನಲ್ಲಿ ಅದು 500 ಓಮ್ ಮುಟ್ಟುತ್ತದೆ. ಆಂಪ್ಲಿಫೈಯರ್‌ನ ಸ್ವಂತ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಇದೆಯೆನ್ನಿ. ಆಗ ಮಧ್ಯ ಸ್ಥಾಯಿಗೆ ವೋಲ್ಟೇಜಿನ ಮುಕ್ಕಾಲು ಪಾಲು ಸಿಕ್ಕರೆ, ಕೆಳಗಿನ ಸ್ವರಗಳಿಗೆ ಆರರಲ್ಲಿ ಐದು ಪಾಲು ಸಿಗುತ್ತದೆ. ಅಂದರೆ ಮಂದ್ರ ಸುಮಾರು ಒಂದು ಡೆಸಿಬೆಲ್ ಎತ್ತಿದಂತಾಯಿತು. ವಾಲ್ವ್‌ನ ‘ಬೆಚ್ಚಗಿನ ದನಿ’ ಎಂದು ನಾವು ಕೊಂಡಾಡುವುದರಲ್ಲಿ ಒಂದು ದೊಡ್ಡ ಪಾಲು ಇದೇ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಮುಂದೆ 100 ಓಮ್‌ನ ರೆಸಿಸ್ಟರ್ ಒಂದನ್ನು ಕೂರಿಸಿದರೂ ಆ ಪಾಲು ಹಾಗೇ ಕೈಗೆ ಬರುತ್ತದೆ. ಪ್ಲೇನಾರ್‌ನ ರಚನೆಯೇ ಬೇರೆ. 1976ರ ಯಮಹಾ ಎಚ್‌ಪಿ-1ರಿಂದ ಇಂದಿನ ಹೈಫೈಮ್ಯಾನ್‌ವರೆಗೆ ಮೂಲ ಉಪಾಯ ಒಂದೇ: ತೆಳು ಪೊರೆಯ ಮೇಲೆ ಹಾವಿನಂತೆ ಹರಿದ ಲೋಹದ ಗೆರೆ, ಅದರ ಒಂದು ಬದಿಗೋ ಎರಡೂ ಬದಿಗೋ ಅಯಸ್ಕಾಂತಗಳ ಸಾಲು. ವಿದ್ಯುತ್ತಿನ ಕಣ್ಣಿಗೆ ಇದು ಹೆಚ್ಚು ಕಡಿಮೆ ಒಂದು ಸಾದಾ ರೆಸಿಸ್ಟರ್. 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೂ ಇಂಪೀಡೆನ್ಸಿನ ಗೆರೆ ಸಪಾಟಾಗಿರುತ್ತದೆ. ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್ ಎಷ್ಟೇ ಇರಲಿ, ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ; ಮಂದ್ರ ಎದ್ದು ಬರುವ ಪ್ರಶ್ನೆಯೇ ಇಲ್ಲ. ಎಚ್‌ಡಿ 650ಯಲ್ಲಿ ಮೆಚ್ಚಿದ ಬೆಚ್ಚನೆಯನ್ನು ಇಲ್ಲಿ ಹುಡುಕುವವರು ಅದರ ಮುಖ್ಯ ಮೂಲವನ್ನೇ ಕಳೆದುಕೊಂಡಿರುತ್ತಾರೆ.

ಉಳಿಯುವುದು ಕರೆಂಟಿನ ಲೆಕ್ಕ, ಅದೇ ಎಲ್ಲಕ್ಕಿಂತ ಕಠಿಣ. ಸರಾಸರಿ ಹದವಾದ ಮಟ್ಟದಲ್ಲಿ ಕೇಳುವಾಗಲೂ ಕ್ಷಣಮಾತ್ರದ ಶಿಖರಗಳು 110 ಡೆಸಿಬೆಲ್ ಮುಟ್ಟಬಹುದು ಎಂದು ಇಟ್ಟುಕೊಳ್ಳೋಣ. ಎಚ್‌ಡಿ 650 ಒಂದು ವೋಲ್ಟಿಗೆ 103 ಡೆಸಿಬೆಲ್ ಕೊಡುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು 2.2 ವೋಲ್ಟ್, ಬರೀ ಏಳೂವರೆ ಮಿಲಿಆಂಪಿಯರ್. ಹೈಫೈಮ್ಯಾನ್ ಎಚ್‌ಇ-6ರ ಸಂವೇದನೆ ಮಿಲಿವಾಟ್‌ಗೆ 83.5 ಡೆಸಿಬೆಲ್, ಇಂಪೀಡೆನ್ಸ್ 50 ಓಮ್. ಅದೇ ಶಿಖರ ಮುಟ್ಟಲು ಅದಕ್ಕೆ ಸುಮಾರು 450 ಮಿಲಿವಾಟ್, ಎಂದರೆ 4.7 ವೋಲ್ಟ್ ಮತ್ತು 95 ಮಿಲಿಆಂಪಿಯರ್ ಬೇಕು. ವೋಲ್ಟೇಜ್ ಎರಡು ಪಟ್ಟು, ಕರೆಂಟ್ ಹನ್ನೆರಡು ಪಟ್ಟಿಗೂ ಹೆಚ್ಚು. ವಾಲ್ವ್ ಎಂಬುದು ಸ್ವಭಾವತಃ ಎತ್ತರದ ಟ್ಯಾಂಕಿನಿಂದ ಇಳಿದ ಸಣ್ಣ ಪೈಪು: ಒತ್ತಡ ಧಾರಾಳ, ಹರಿವು ಅಲ್ಪ. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಹೆಡ್‌ಫೋನ್ ಆಂಪ್ಲಿಫೈಯರ್‌ಗಳಲ್ಲಿ, ಅಂದರೆ ಓಟಿಎಲ್ ಬಗೆಯಲ್ಲಿ, ತೀರ ಹೆಚ್ಚಾಗಿ ಕಾಣುವ ವಾಲ್ವ್ 6ಎಎಸ್7 ಅಥವಾ ಅದರ ಸೋದರ 6080. ಬಾಟಲ್‌ಹೆಡ್ ಕ್ರ್ಯಾಕ್, ಡಾರ್ಕ್‌ವಾಯ್ಸ್ 336ಎಸ್‌ಇ ಎರಡೂ ಈ ವಂಶದ ಆಂಪ್ಲಿಫೈಯರ್‌ಗಳು. 6ಎಎಸ್7 ಮೂಲತಃ ಸಂಗೀತಕ್ಕಾಗಿ ಮಾಡಿದ ವಾಲ್ವ್ ಅಲ್ಲ, ಪವರ್ ಸಪ್ಲೈಗಳಲ್ಲಿ ವೋಲ್ಟೇಜನ್ನು ಸ್ಥಿರವಾಗಿಡಲು ಮಾಡಿದ್ದು. ಆದ್ದರಿಂದಲೇ ವಾಲ್ವ್‌ಗಳ ಪೈಕಿ ಕರೆಂಟಿನಲ್ಲಿ ಉದಾರಿ. ಆದರೂ ಒಂದು ಕಿವಿಗೆ ಸಿಗುವ ಅದರ ಒಂದು ಅರ್ಧಕ್ಕೆ ತಯಾರಕರು ಹಾಕಿದ ಗರಿಷ್ಠ ಮಿತಿ 125 ಮಿಲಿಆಂಪಿಯರ್. ಎಚ್‌ಇ-6 ಆ ಶಿಖರದಲ್ಲಿ ಕೇಳುವ 95 ಆರ್‌ಎಂಎಸ್ ಲೆಕ್ಕದ್ದು; ಅಲೆಯ ತುದಿಯಲ್ಲಿ ಅದು 134 ಆಗುತ್ತದೆ. ವಾಡಿಕೆಯ ಸರ್ಕ್ಯೂಟುಗಳಲ್ಲಿ ವಾಲ್ವ್ ಅದರ ಅರ್ಧದಷ್ಟೂ ಕರೆಂಟಿನಲ್ಲಿ ನಡೆಯುವುದಿಲ್ಲ. ಜೊತೆಗೆ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಆದರೆ ಹುಟ್ಟಿದ ವೋಲ್ಟೇಜಿನ ಮೂರರಲ್ಲಿ ಎರಡು ಪಾಲು ಒಳಗೇ ಶಾಖವಾಗಿ ಹೋಗುತ್ತದೆ.

ಇದರ ಪರಿಣಾಮ ಸಂಗೀತದಲ್ಲಿ ಎಲ್ಲಿ ಕೇಳಿಸುತ್ತದೆ? ಶಕ್ತಿ ಹೆಚ್ಚು ಬೇಡುವುದು ಮಂದ್ರ, ಪ್ಲೇನಾರ್‌ನ ಹಿರಿಮೆ ಇರುವುದೂ ಮಂದ್ರದಲ್ಲೇ: ಇಡೀ ಪೊರೆ ಒಟ್ಟಿಗೆ ಅಲುಗುವುದರಿಂದ ಅಲ್ಲಿ ಡಿಸ್ಟಾರ್ಷನ್ ತುಂಬಾ ಕಡಿಮೆ. ಕಛೇರಿಯ ಧ್ವನಿಮುದ್ರಣವೊಂದರಲ್ಲಿ ಮೃದಂಗದ ಎಡಗಡೆ ಗುಮ್ಕಿ ಬಿದ್ದ ಕ್ಷಣವನ್ನು ತೆಗೆದುಕೊಳ್ಳಿ. ಆ ಗುಮ್ಕಿ ಕೆಳಗಿನಿಂದ ಜಾರಿ ಮೇಲೇಳುವ ಹೊತ್ತಿನಲ್ಲೇ ಗಾಯಕರು ಒಂದು ಗಮಕವನ್ನು ಎಳೆಯುತ್ತಿರುತ್ತಾರೆ. ವಾಲ್ವ್‌ನ ಕರೆಂಟ್ ಅಲ್ಲಿ ಮುಗಿದರೆ ಅಲೆಯ ಒಂದು ಬದಿ ಕತ್ತರಿಸಿಹೋಗುತ್ತದೆ, ಆ ಗಳಿಗೆಯಲ್ಲಿ ಅಲೆಯ ಮೇಲೆ ಸವಾರಿ ಮಾಡುತ್ತಿದ್ದ ಕಂಠವೂ ಅದರೊಡನೆ ಕತ್ತರಿಸಲ್ಪಡುತ್ತದೆ. ಕೇಳುವವರು ಇದನ್ನು ಒಡಕು ಎಂದು ಗುರುತಿಸುವುದಿಲ್ಲ. ಪೆಟ್ಟಿನ ಮೊನೆ ಮೊಂಡಾಗಿ ದನಿ ದುಂಡಗಾದಂತೆ ತೋರುತ್ತದೆ, ಅದಕ್ಕೇ ‘ಮೃದು’ ಎಂಬ ಹೆಸರು ಬೀಳುತ್ತದೆ. ನನಗೆ ನಿಜವಾಗಿ ನೋವಾಗುವುದು ಇಲ್ಲಿ. ಮಂದ್ರದ ನಿಖರತೆಗೆಂದೇ ಸಾವಿರಾರು ರೂಪಾಯಿ ಸುರಿದು ತಂದ ಉಪಕರಣದಿಂದ ಆ ನಿಖರತೆಯನ್ನೇ ಕಸಿದುಕೊಂಡು, ಕಸಿದದ್ದನ್ನು ಗುಣವೆಂದು ಮೆಚ್ಚುತ್ತಿದ್ದೇವೆ.

ಎಲ್ಲ ಪ್ಲೇನಾರ್‌ಗಳೂ ಎಚ್‌ಇ-6 ಅಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆಡೆಝೆ ಎಲ್‌ಸಿಡಿ-ಎಕ್ಸ್ 20 ಓಮ್‌ನದು, ಮಿಲಿವಾಟ್‌ಗೆ 103 ಡೆಸಿಬೆಲ್ ಕೊಡುತ್ತದೆ. ಅದೇ ಶಿಖರಕ್ಕೆ ಅದಕ್ಕೆ ಐದು ಮಿಲಿವಾಟ್, 16 ಮಿಲಿಆಂಪಿಯರ್ ಸಾಕು; 6080 ಅದನ್ನು ಕೊಡಬಲ್ಲದು, ಕೊಡುತ್ತದೆ ಕೂಡ. ಹಾಗಾಗಿ ‘ನನ್ನದು ಸಾಕಷ್ಟು ಜೋರಾಗಿಯೇ ಕೇಳುತ್ತದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಸಾಕಷ್ಟು ಜೋರು ಎಂಬುದು ಒಳ್ಳೆಯ ಜೋಡಿಯ ಪುರಾವೆಯಲ್ಲ. ಈ ಓಟಿಎಲ್‌ಗಳು ಬಳಸುವ ಕೆಥೋಡ್ ಫಾಲೋವರ್ ಎಂಬ ಸರ್ಕ್ಯೂಟಿನಲ್ಲಿ ವಾಲ್ವ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಎಷ್ಟು ತಿದ್ದಿಕೊಳ್ಳುತ್ತದೆ ಎನ್ನುವುದು ಹೊರೆಯನ್ನು ಅವಲಂಬಿಸಿದೆ. 6ಎಎಸ್7ನ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ, 300 ಓಮ್ ಹೊರೆಯಲ್ಲಿ ತಪ್ಪು ಸುಮಾರು ಅರ್ಧಕ್ಕೆ ಇಳಿಯುತ್ತದೆ. 20 ಓಮ್‌ನಲ್ಲಿ ಹತ್ತನೇ ಒಂದು ಪಾಲಿನಷ್ಟು ಇಳಿದರೆ ಹೆಚ್ಚು. ವಾಲ್ವ್‌ನ ವಕ್ರತೆ ತಿದ್ದುಪಡಿಯಿಲ್ಲದೆ ನೇರವಾಗಿ ಕಿವಿಗೆ ಬರುತ್ತದೆ.

ಆ ವಕ್ರತೆಯೇ ನಮಗೆ ಬೇಕು, ಅದರಿಂದ ಹುಟ್ಟುವ ಎರಡನೆಯ ಹಾರ್ಮೋನಿಕ್ ಮೂಲ ಸ್ವರದ ಮೇಲಿನ ಷಡ್ಜವೇ ಆದ್ದರಿಂದ ಕಿವಿಗೆ ಇಂಪು ಎನ್ನುವವರಿದ್ದಾರೆ. ಈ ಪ್ರತಿವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ತಂಬೂರಿಯೊಂದೇ ನುಡಿಯುತ್ತಿದ್ದರೆ ಅವರ ಮಾತು ಬಹುಮಟ್ಟಿಗೆ ಸರಿ: ಒಂದೇ ತಂತಿಯ ಹಾರ್ಮೋನಿಕ್‌ಗಳನ್ನು ಕೂಡಿದರೂ ಕಳೆದರೂ ಬರುವುದು ಅದೇ ಸಾಲಿನ ಇನ್ನೊಂದು ಹಾರ್ಮೋನಿಕ್, ಹಾಗಾಗಿ ಡಿಸ್ಟಾರ್ಷನ್ ಆ ನಾದದೊಳಗೇ ಅಡಗಿಕೊಳ್ಳುತ್ತದೆ. ಮೃದಂಗದ ಬಲಗಡೆಯೂ ಹೀಗೆಯೇ. ಅದರ ಕರಣೆ ಚರ್ಮದ ಕಂಪನಗಳನ್ನು ಹಾರ್ಮೋನಿಕ್ ಸಾಲಿಗೆ ತರುವ ಬಗೆಯನ್ನು ಸಿ.ವಿ. ರಾಮನ್ ವಿವರಿಸಿದ ಪ್ರಬಂಧ 1934ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಬಂತು. ಆದರೆ ಕಂಠ, ಪಿಟೀಲು, ಎಡಗಡೆಯ ಗುಮ್ಕಿ, ಘಟ ಎಲ್ಲ ಒಟ್ಟಿಗೆ ಬಂದಾಗ ಯಾವುದರ ಆವೃತ್ತಿಗೂ ಇನ್ನೊಂದಕ್ಕೂ ಆ ಸರಳ ಸಂಬಂಧ ಇರುವುದಿಲ್ಲ. ಅದೇ ವಕ್ರತೆ ಅಲ್ಲಿ ಯಾರೂ ಹಾಡದ, ಯಾರೂ ನುಡಿಸದ ಸ್ವರಗಳನ್ನು ಹುಟ್ಟಿಸುತ್ತದೆ. ಇನ್ನು ಪ್ಲೇನಾರ್‌ನ ‘ಒಣಕಲು’ ಬಹುತೇಕ ಅದರ ಫ್ರೀಕ್ವೆನ್ಸಿ ರೆಸ್ಪಾನ್ಸಿನ ಸಂಗತಿ, ಮೇಲಿನ ಸ್ಥಾಯಿಯ ಒಂದು ಉಬ್ಬೋ ತಗ್ಗೋ. ಹಾರ್ಮೋನಿಕ್ ಸೇರಿಸಿ ಉಬ್ಬನ್ನು ಇಳಿಸಲಾಗದು. ಅದಕ್ಕೆ ಈಕ್ವಲೈಜರ್ ಇದೆ. ಇಂಪೀಡೆನ್ಸಿನ ಗೊಡವೆಯಿಲ್ಲದೆ, ಬೇಕಾದಷ್ಟೇ, ಬೇಕಾದಲ್ಲಿ ತಿದ್ದುತ್ತದೆ.

ಹಾಗಾದರೆ ವಾಲ್ವ್ ಮತ್ತು ಪ್ಲೇನಾರ್ ಕೂಡಬಾರದೇ? ಕೂಡಬಹುದು, ನಡುವೆ ಟ್ರಾನ್ಸ್‌ಫಾರ್ಮರ್ ಇದ್ದರೆ. ವೆಸ್ಟರ್ನ್ ಎಲೆಕ್ಟ್ರಿಕ್‌ನ 300ಬಿ ವಾಲ್ವ್ ವಾಡಿಕೆಯಂತೆ 60 ಮಿಲಿಆಂಪಿಯರ್‌ನಲ್ಲಿ ನಡೆಯುತ್ತದೆ. ಅದರ ಮುಂದೆ 3,500 ಓಮ್‌ನಿಂದ 50 ಓಮ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೆ ಸುತ್ತುಗಳ ಅನುಪಾತ ಎಂಟಕ್ಕಿಂತ ತುಸು ಹೆಚ್ಚು. ಆ 60 ಮಿಲಿಆಂಪಿಯರ್ ಹೆಡ್‌ಫೋನಿನ ಬದಿಯಲ್ಲಿ 500 ಆಗುತ್ತದೆ, ವಾಲ್ವ್‌ನ 700 ಓಮ್ ಆಂತರಿಕ ರೋಧ ಹತ್ತು ಓಮ್‌ಗೆ ಇಳಿಯುತ್ತದೆ. ಎಚ್‌ಇ-6 ಕೂಡ ಇಲ್ಲಿ ನಿರಾಳ. ಟ್ರಾನ್ಸ್‌ಫಾರ್ಮರ್ ಮಂದ್ರವನ್ನು ಕೆಡಿಸುತ್ತದೆ ಎಂಬ ದೂರು ಹಳೆಯದು. ಕಬ್ಬಿಣದ ತಿರುಳು ತುಂಬಿಹೋದಾಗ ಅದು ನಿಜ. ಆದರೆ ಏಳೆಂಟು ವಾಟ್‌ಗೆ ಕಟ್ಟಿದ ತಿರುಳಿನಿಂದ ಅರ್ಧ ವಾಟ್ ಎಳೆಯುವಾಗ ಅದು ತನ್ನ ಸಾಮರ್ಥ್ಯದ ಕಾಲುಭಾಗದ ಆಸುಪಾಸಿನಲ್ಲೇ ದುಡಿಯುತ್ತಿರುತ್ತದೆ. ಇದು ನನಗೆ ಒಪ್ಪಿಗೆಯಾಗುವ ಜೋಡಿ. ಒಳ್ಳೆಯ ಟ್ರಾನ್ಸ್‌ಫಾರ್ಮರ್ ಭಾರ ಮತ್ತು ದುಬಾರಿ ಎಂಬುದೊಂದೇ ತೊಡಕು. ಇನ್ನೊಂದು ದಾರಿ ಹೈಬ್ರಿಡ್. ಶೀಟ್ ಕಂಪನಿಯ ಲಿರ್ ಮಾದರಿಯಂತೆ ವೋಲ್ಟೇಜ್ ಹಿಗ್ಗಿಸುವುದು ವಾಲ್ವ್, ಕರೆಂಟ್ ಕೊಡುವುದು ಟ್ರಾನ್ಸಿಸ್ಟರ್. ಲೆಕ್ಕದ ದೃಷ್ಟಿಯಿಂದ ಇದು ಸರಿಯಾದ ಕೆಲಸ ಹಂಚಿಕೆ.

ಹೈಬ್ರಿಡ್‌ಗಳ ಸುತ್ತ ಬೆಳೆದಿರುವ ವಾಲ್ವ್ ಬದಲಿಸುವ ಹವ್ಯಾಸವನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾರೆ. ಹಳೆಯ ವಾಲ್ವ್‌ಗಳ ಬಗ್ಗೆ ನಮ್ಮವರಿಗೆ ಅಭಿಮಾನ ಇರುವುದು ಸಹಜ. ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತು, ಆ ಮುದ್ರೆಯವು ಈಗಲೂ ಕೈಯಿಂದ ಕೈಗೆ ಓಡಾಡುತ್ತಿವೆ. ಆದರೆ ಒಂದು ವಾಲ್ವ್ ಕಿತ್ತು ಇನ್ನೊಂದನ್ನು ಕೂರಿಸಿ, ಅದು ಕಾಯುವವರೆಗೆ ಕಾದು, ‘ವೇದಿಕೆ ಅಗಲವಾಯಿತು’ ಎನ್ನುವಾಗ ಎರಡು ಸಂಗತಿ ಬದಲಾಗಿರುತ್ತವೆ: ವಾಲ್ವ್ ಒಂದು, ದನಿಯ ಮಟ್ಟ ಇನ್ನೊಂದು. 12ಎಯು7 ಇದ್ದ ಜಾಗಕ್ಕೆ 12ಎಟಿ7 ಬಂದರೆ ವಾಲ್ವ್‌ನ ವರ್ಧನೆಯೇ 20ರ ಆಸುಪಾಸಿನಿಂದ 60ಕ್ಕೆ ಏರುತ್ತದೆ. ಒಂದೇ ಹೆಸರಿನ ಎರಡು ವಾಲ್ವ್‌ಗಳ ನಡುವೆಯೂ ಅರ್ಧ ಡೆಸಿಬೆಲ್ ವ್ಯತ್ಯಾಸ ಅಪರೂಪವಲ್ಲ. ಅಷ್ಟು ಸಣ್ಣ ಏರಿಕೆಯನ್ನು ಕಿವಿ ಜೋರು ಎಂದು ಗುರುತಿಸದೆ ಉತ್ತಮ ಎಂದು ಗುರುತಿಸುತ್ತದೆ. ಈ ಗೊಂದಲವನ್ನು ಬಿಡಿಸಲು ಪ್ಲೇನಾರ್‌ಗಿಂತ ಒಳ್ಳೆಯ ಸಾಧನವಿಲ್ಲ. ಎಚ್‌ಡಿ 650ಯಲ್ಲಿ ಎರಡು ಆಂಪ್ಲಿಫೈಯರ್‌ಗಳನ್ನು 1,000 ಹರ್ಟ್ಸ್‌ನಲ್ಲಿ ಸರಿಗಟ್ಟಿದರೂ 100 ಹರ್ಟ್ಸ್‌ನಲ್ಲಿ ಅವು ಬೇರೆಯಾಗಿಯೇ ಉಳಿಯಬಹುದು. ಪ್ಲೇನಾರ್‌ನ ಇಂಪೀಡೆನ್ಸ್ ಸಪಾಟಾದ್ದರಿಂದ ಹೆಡ್‌ಫೋನ್ ಸಿಕ್ಕಿಸಿರುವಾಗಲೇ ಅದರ ತುದಿಗಳಿಗೆ ವೋಲ್ಟ್‌ಮೀಟರ್ ಹಚ್ಚಿ ಒಂದು ಆವೃತ್ತಿಯಲ್ಲಿ ಸರಿಗಟ್ಟಿದರೆ ಎಲ್ಲ ಆವೃತ್ತಿಗಳಲ್ಲೂ ಸರಿಗಟ್ಟಿದಂತೆ. ಅಷ್ಟು ಮಾಡಿ, ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ತಿಳಿಸದೆ ಬದಲಿಸಿ ಕೇಳಿಸಬೇಕು. ಆಗಲೂ ಉಳಿದ ವ್ಯತ್ಯಾಸವನ್ನು ವಾಲ್ವ್‌ನದು ಎಂದು ನಾನು ಒಪ್ಪುತ್ತೇನೆ. ಈ ಪರೀಕ್ಷೆಗೆ ಒಳಪಡದ ಹೊಗಳಿಕೆಯ ಮೇಲೆ ಯಾರೂ ಹಣ ಹೂಡಬೇಕಾಗಿಲ್ಲ.